ಶಾಲಿನ ಹಗ್ಗ

ಸಿಪಾಯಿಯಾಗಿ ಸೇರಿ, ಕ್ಯಾಪ್ಟನ್ ಆಗಿ, ಪದಕದೊಂದಿಗೆ ಊರಿಗೆ ಮರಳಿದ ನಮ್ಮ ನೆರೆಮನೆಯವರಿಗೆ ಸಿದ್ದಾಪುರದಲ್ಲಿ ವರ್ಷವರ್ಷವೂ ಸನ್ಮಾನ. ಶಾಲು ಹೊದೆಸಿದಾಗಲೆಲ್ಲ ಅವರದ್ದು ಒಂದೇ ಮಾತು: “ಶಾಲು ಸಾಕು ಮಾರಾಯ್ರೆ, ನಮ್ಮ ಹಳ್ಳಕ್ಕೊಂದು ಗಟ್ಟಿ ಸಂಕ ಮಾಡ್ಕೊಡಿ.”

ವೇದಿಕೆಯ ಮೇಲಿದ್ದವರು ಹಲ್ಲು ಕಿರಿಯುತ್ತಿದ್ದರು.

ಮಳೆಗಾಲಕ್ಕೆ ಮೊದಲು ಅವರೇ ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ಮರ ಜೋಡಿಸಿ ಕಾಲುಸಂಕ ಹಾಕುತ್ತಿದ್ದರು. ಶಾಲೆಯ ಮಕ್ಕಳು ಹಿಡಿದು ದಾಟಲೆಂದು ಆ ಶಾಲುಗಳನ್ನೇ ಹೊಸೆದು ಹಗ್ಗ ಕಟ್ಟಿದ್ದರು.

ಈ ಆಷಾಢದಲ್ಲಿ ಸಂಕ ಕೊಚ್ಚಿಹೋದ ದಿನವೇ ಅವರಿಗೆ ಎದೆನೋವು ಬಂತು. ಆಂಬುಲೆನ್ಸ್ ಆಚೆ ದಡದಲ್ಲೇ ನಿಂತಿತು; ಅವರು ಈಚೆ ತೀರಿಕೊಂಡರು.

ಮರುದಿನ ಅಧಿಕಾರಿಗಳು ಹಾರ, ಶಾಲು ಹಿಡಿದು ಅದೇ ಆಚೆ ದಡಕ್ಕೆ ಬಂದರು. “ಪಾರ್ಥಿವ ಶರೀರ ಇಲ್ಲಿಗೆ ತರೋಕಾಗ್ತದಾ? ಗೌರವ ಸಲ್ಲಿಸ್ಬೇಕಿತ್ತು” ಎಂದು ಕೂಗಿದರು.

“ತರೋಕಾಗಿದ್ರೆ ನಿನ್ನೆ ಜೀವ ಇರೋವಾಗ್ಲೇ ತರ್ತಿದ್ವಿ” ಎಂದೆ.