ಪೌಡರ್ ಹೋಗದ ಹಳದಿ ಪಟ್ಟಿ

ರಬ್ಬರ್ ಮೇಷ್ಟ್ರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಇರದೆ ಏನು ಮಾಡೀತು? ಕ್ರೀಡಾ ಹಾಸ್ಟೆಲಿನ ಕಸರತ್ತಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಒಂದೇ ಮಾತು ಹೇಳಿ ಹೇಳಿ ಅವರ ಬಾಯಿ ನೋಯುತ್ತಿತ್ತು. ಗೋಡೆಯ ಗೂಟಗಳಲ್ಲಿ ರಬ್ಬರ್ ಪಟ್ಟಿಗಳು ಬಣ್ಣಬಣ್ಣವಾಗಿ ತೂಗುತ್ತಿದ್ದವು. ಹಳದಿ ತೀರಾ ಮೆದು, ಕಪ್ಪು ತೀರಾ ಬಿಗಿ. ಈಜುವವರು ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಬಗ್ಗಿ ಹಿಂದಕ್ಕೆಳೆಯಬೇಕು; ಓಟಗಾರರು ಸೊಂಟಕ್ಕೆ ಕಟ್ಟಿಕೊಂಡು ಓಡಬೇಕು; ವಾಲಿಬಾಲಿನವರು ಮಂಡಿಯ ಮೇಲೆ ಸುತ್ತಿಕೊಂಡು ಅಡ್ಡಡ್ಡ ಹೆಜ್ಜೆ ಇಡಬೇಕು. ಆದರೆ ಬಾಗಿಲು ತೆರೆದದ್ದೇ ತಡ, ಎಲ್ಲರ ಕೈಯೂ ಕಪ್ಪಿಗೇ! ಕುಸ್ತಿಯವನೊಬ್ಬನಂತೂ ಬೈಕಿಗೆ ಟ್ರಂಕು ಕಟ್ಟಲು ಅದನ್ನೇ ಒಯ್ದಿದ್ದ.

"ಎಳೆಯೋದು ಯಾರಿಗಾದ್ರೂ ಬರುತ್ತೆ ಕಣ್ರೋ! ನಿಧಾನಕ್ಕೆ ವಾಪಸ್ ಬಿಡೋದ್ರಲ್ಲಿದೆ ಕಸರತ್ತು!" ಎಂದು ಅವರು ದಿನಕ್ಕೆ ಹತ್ತು ಸಲ ಕೂಗುತ್ತಿದ್ದರು. ಕಿವಿಗೆ ಹಾಕಿಕೊಂಡವರು ಯಾರೂ ಇಲ್ಲ.

ಎಲ್ಲರಿಗಿಂತ ಹೆಚ್ಚು ಅವರ ತಲೆ ತಿಂದವಳು ತಂಗಿಯ ಮಗಳು. ಜಾವೆಲಿನ್ ಎಸೆಯುವವಳು. ತಂಡದ ಆಯ್ಕೆಗೆ ಮೂರೇ ವಾರ ಇರುವಾಗ ಭುಜ ನೋಯತೊಡಗಿತ್ತು. ಅದೇ ವಯಸ್ಸಿನಲ್ಲಿ ಮೇಷ್ಟ್ರೂ ಜಾವೆಲಿನ್ ಎಸೆಯುತ್ತಿದ್ದರು. ನೋವನ್ನು ಲೆಕ್ಕಿಸದೆ ಭುಜ ಹಾಳುಮಾಡಿಕೊಂಡರು. ಇಂದಿಗೂ ಬಲಗೈ ಕಿವಿಗಿಂತ ಮೇಲೇಳದು. ಹುಡುಗಿಗೂ ಹಾಗೇ ಆದರೆ ಎಂಬ ಭಯ ಅವರನ್ನು ಕೊರೆಯುತ್ತಿತ್ತು. ಹೊಸ ಹಳದಿ ಪಟ್ಟಿ ಕೊಟ್ಟು, ಮೊಣಕೈಯನ್ನು ಪಕ್ಕೆಗೊತ್ತಿ ದಿನಕ್ಕೆ ಹದಿನೈದು ಸಲ ಹೊರಕ್ಕೆಳೆಯಲು ಹೇಳಿದ್ದರು.

ವಾರ ಕಳೆದ ಮೇಲೆ ಕಸರತ್ತಿನ ಕೋಣೆಯಲ್ಲಿ ಅವಳನ್ನು ಕೇಳಿದರು. "ಮಾಡ್ತಿದೀಯೇನೇ?"

"ದಿನಾ ಮಾಡ್ತಿದೀನಿ ಮಾವ."

ಮೇಷ್ಟ್ರು ಅವಳ ಚೀಲದಿಂದ ಪಟ್ಟಿ ತೆಗೆದು ಬೆರಳಾಡಿಸಿದರು. ರಬ್ಬರ್ ಅಂಟಿಕೊಳ್ಳದಿರಲೆಂದು ಹೊಸ ಪಟ್ಟಿಗೆ ಬಳಿದಿರುವ ಬಿಳಿ ಪೌಡರ್ ಬೆರಳಿಗೆ ಹತ್ತಿತು. ನಾಲ್ಕು ದಿನ ಎಳೆದರೆ ಅದು ಉಳಿಯುವುದಿಲ್ಲ.

"ಯಾರ ಕಿವಿಗೆ ಹೂವಿಡ್ತೀಯ? ಪೊಟ್ಟಣದಿಂದ ಈಗ ತಾನೇ ತೆಗೆದ ಹಾಗಿದೆ!"

"ಇದು ಅಜ್ಜಿಯರು ಮಾಡೋದು ಮಾವ. ಎಲ್ಲರೂ ನಗ್ತಾರೆ. ನಾನು ಕಪ್ಪೇ ಎಳೀತಿದೀನಿ."

ಮೇಷ್ಟ್ರು ಹಣೆ ಚಚ್ಚಿಕೊಂಡರು. "ನನ್ನ ಕರ್ಮ! ಹೋಗು, ಮೇಜಿನ ಖಾನೆಯಲ್ಲಿ ಮುಲಾಮಿದೆ, ತಗೊಂಡು ಬಾ."

ಹುಡುಗಿ ಮುಲಾಮಿನ ಜೊತೆಗೆ ಮಡಿಸಿಟ್ಟ ಇನ್ನೊಂದು ಹಳದಿ ಪಟ್ಟಿಯನ್ನೂ ತಂದಳು. ಅದಕ್ಕೆ ಮೂಳೆ ವೈದ್ಯರ ಚೀಟಿ ಸಿಕ್ಕಿಸಿತ್ತು: ಮೇಷ್ಟ್ರ ಬಲಭುಜಕ್ಕೆ, ದಿನಾ ಹದಿನೈದು. ಆರು ತಿಂಗಳ ಹಿಂದಿನ ತಾರೀಕು. ಅವಳು ಅದರ ಮೇಲೆ ಬೆರಳೆಳೆದು, ಬೆಳ್ಳಗಾದ ತುದಿಯನ್ನು ಅವರ ಮುಖದ ಮುಂದೆ ಹಿಡಿದಳು.

"ನನಗೆಲ್ಲಿ ಪುರುಸೊತ್ತು?" ಎಂದರು ಮೇಷ್ಟ್ರು.

"ನಗ್ತಾರೆ ಅಂತ ತಾನೇ?"

ಅವರಿಗೆ ನಾಚಿಕೆಯಾಯಿತು. ಎದ್ದು ಪಟ್ಟಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದರು. ಪಕ್ಕದ ಸರಳಿಗೆ ಅವಳೂ ತನ್ನದನ್ನು ಸಿಕ್ಕಿಸಿದಳು. ಮೂಲೆಯಲ್ಲಿ ಕಪ್ಪು ಪಟ್ಟಿ ಎಳೆಯುತ್ತಿದ್ದ ಕುಸ್ತಿಯವನು ಕಿಸಕ್ಕನೆ ನಕ್ಕ. ನಾಲ್ಕನೆಯ ಎಳೆತಕ್ಕೇ ಮೇಷ್ಟ್ರ ಕಣ್ಣಲ್ಲಿ ನೀರು ಬಂತು.

"ಸಾಕು ಕಣೇ."

"ಇನ್ನೂ ಹನ್ನೊಂದಿದೆ ಮಾವ," ಎಂದಳು ಅವಳು, ತನ್ನ ಹಳದಿ ಪಟ್ಟಿ ಎಳೆಯುತ್ತಲೇ. "ನಿಧಾನಕ್ಕೆ ವಾಪಸ್ ಬಿಡಿ."