ಪಚ್ಚಿಯಮ್ಮನ ಕ್ಯಾರಿಯರ್

ನಿರಂಜನ ಅವರ ಬಲಭುಜ ನೋಯತೊಡಗಿದ್ದು ಸಿನಿಮಾದಲ್ಲಿ ನಟಿಸುವಾಗಲ್ಲ, ಅದರ ಪ್ರಚಾರಕ್ಕೆ ಓಡಾಡುವಾಗ. ಚಿತ್ರೀಕರಣದಲ್ಲಿ ಅವರು ಬಿಸಿಲಿಗೆ ನಿಂತರು, ಕಬ್ಬಿಣದ ಸಲಾಕೆ ಹೊತ್ತರು, ಭದ್ರಾ ನದಿಯ ದಂಡೆಯಲ್ಲಿ ಬೆಳಗಿನ ಚಳಿಗೆ ಬರಿ ಬನಿಯನ್ನಿನಲ್ಲಿ ಕೂತರು. ಆಗ ಏನೂ ಆಗಲಿಲ್ಲ. ಈಗ ಹೋದ ಕಡೆಯೆಲ್ಲ ಒಂದು ಊಟದ ಕ್ಯಾರಿಯರನ್ನು ಕಿವಿಯ ಮಟ್ಟಕ್ಕೆ ಎತ್ತಿ ಅಲ್ಲಾಡಿಸಬೇಕು. ಮರುದಿನ ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂರಿಸಲು ಕೈ ಎತ್ತಿದರೆ ಭುಜ ಚುಳ್ ಎನ್ನುತ್ತದೆ.

ಕನ್ನಡಕ ಕೂರಿಸುವುದೇ ಅವರ ಹೊಟ್ಟೆಪಾಡು. ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ಅವರು ಕೆಲಸಕ್ಕೆ ಸೇರಿದಾಗ ಮೀಸೆ ಇನ್ನೂ ತೆಳ್ಳಗಿತ್ತು, ಈಗ ಐವತ್ತೆರಡು. ಮನೆ ಊರಿನ ಕೋಟೆ ಭಾಗದಲ್ಲಿ, ದೇವಸ್ಥಾನದ ಹಿಂದಿನ ಸಂದಿಯಲ್ಲಿ. ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಹವ್ಯಾಸಿ ತಂಡದ ತಾಲೀಮು. ರಾಜ, ಮಂತ್ರಿ, ಜಿಪುಣ ಮಾವ, ಕುಡುಕ ಕಾನ್‌ಸ್ಟೇಬಲ್, ಹೀಗೆ ಊರಿನ ಅರ್ಧ ಜನಕ್ಕೆ ಅವರು ಒಂದಲ್ಲ ಒಂದು ಪಾತ್ರವಾಗಿ ಪರಿಚಿತರು. ಸಿನಿಮಾ ಕ್ಯಾಮೆರಾದ ಮುಂದೆ ನಿಂತದ್ದು ಮಾತ್ರ ಇದೇ ಮೊದಲು. ಹೊಳಲೂರಿನ ಲೋಹಿತ್ ಎಂಬ ಮೂವತ್ತು ದಾಟದ ನಿರ್ದೇಶಕ ನಾಟಕವೊಂದರಲ್ಲಿ ಅವರನ್ನು ನೋಡಿ, ತನ್ನ ಮೊದಲ ಚಿತ್ರದ ಅಪ್ಪನ ಪಾತ್ರಕ್ಕೆ ಕರೆದಿದ್ದ.

ಚಿತ್ರದ ಹೆಸರು ‘ಎರಡನೇ ಪಾಳಿ’. ತಮಿಳುನಾಡಿನ ಕಡೆಯಿಂದ ಕಾರ್ಖಾನೆ ಕೆಲಸಕ್ಕೆಂದು ಭದ್ರಾವತಿಗೆ ಬಂದ ಒಂದು ಸಂಸಾರದ ಕಥೆ. ಮಕ್ಕಳು ಕನ್ನಡ ಶಾಲೆಯಲ್ಲಿ ಓದುತ್ತಾರೆ, ಅಪ್ಪ ಗುತ್ತಿಗೆ ಕೂಲಿಯಾಗಿ ದುಡಿಯುತ್ತಾನೆ, ಒಂದು ದಿನ ಗುತ್ತಿಗೆ ನಿಲ್ಲುತ್ತದೆ. ಆ ಅಪ್ಪನ ಮಾತು, ನಡಿಗೆ ಕಲಿಯಲೆಂದು ಲೋಹಿತ್ ಅವರನ್ನು ಭದ್ರಾವತಿಯ ಸಾಲುಮನೆಗಳ ಬೀದಿಗೆ ಕರೆದುಕೊಂಡು ಹೋದ. ಅಲ್ಲಿ ಸಿಕ್ಕವರು ಪಚ್ಚಿಯಮ್ಮ.

ಎಪ್ಪತ್ತರ ಪಚ್ಚಿಯಮ್ಮನ ಮಾವ ಧರ್ಮಪುರಿ ಕಡೆಯಿಂದ ಬಂದವರು. ಗಂಡ ಗೋವಿಂದಸ್ವಾಮಿ ಹುಟ್ಟಿದ್ದು, ಕಾರ್ಖಾನೆಯ ಗುತ್ತಿಗೆಯಲ್ಲಿ ದುಡಿದದ್ದು, ಮಣ್ಣಾದದ್ದು ಎಲ್ಲ ಭದ್ರಾವತಿಯಲ್ಲೇ. ನಿರಂಜನ ಭಾನುವಾರಗಳಂದು ಹೋಗಿ ಅವರ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಪಚ್ಚಿಯಮ್ಮ ಅವರನ್ನು ಮೊದಲ ದಿನವೇ ‘ತಂಬಿ’ ಎಂದು ಕರೆದರು, ತಮ್ಮನನ್ನು ಕರೆದ ಹಾಗೆ. ಕೆಲಸ ಮಾಡುತ್ತಲೇ ಮಾತಾಡುತ್ತಿದ್ದರು. ಪಚ್ಚಿಯಮ್ಮನ ತುಟಿ ನೋಡುತ್ತ ನಿರಂಜನ ಕೂತಿರುತ್ತಿದ್ದರು. ಅಂಥದೊಂದು ಭಾನುವಾರ ಪಚ್ಚಿಯಮ್ಮ ಒಳಗಿನಿಂದ ಎರಡು ಡಬ್ಬಿಯ ಹಳೇ ಕ್ಯಾರಿಯರ್ ತಂದಿಟ್ಟರು. ಅದರ ಹಿಡಿ ಸವೆದು ಹೊಳೆಯುತ್ತಿತ್ತು.

“ಇದು ನಮ್ಮನೆಯೋರ್ದು. ಸಾಯಂಕಾಲ ಕ್ಯಾಂಟೀನಲ್ಲಿ ಬೋಂಡಾನೋ ವಡೇನೋ ಕೊಡೋರು. ಇವ್ರು ತಿಂತಿರ್ಲಿಲ್ಲ ತಂಬಿ, ಇದ್ರೊಳಗೆ ಹಾಕ್ಕೊಂಡು ಬರೋರು. ಹೊಸ್ತಿಲ ಹತ್ರ ನಿಂತು ಹಿಂಗೆ ಅಲ್ಲಾಡ್ಸೋರು.”

ಖಾಲಿ ಇದ್ದರೆ ಒಳಗಿನ ಚಮಚ ಲೊಟಲೊಟ ಅನ್ನುತ್ತಿತ್ತು. ತುಂಬಿದ್ದರೆ ಸದ್ದಿಲ್ಲ. ಸದ್ದು ಬಾರದಿದ್ದರೆ ಮಕ್ಕಳು ‘ಎನ್ನಪ್ಪಾ ಇರುಕ್ಕು?’ ಎಂದು, ಏನಿದೆಯಪ್ಪಾ ಎಂದು, ಕೂಗಿಕೊಂಡು ಓಡಿ ಬರುತ್ತಿದ್ದವು. ಆ ಬೀದಿಯ ಎಷ್ಟೋ ಮನೆಗಳಲ್ಲಿ ಇದೇ ಆಟವಿತ್ತು. ಗುತ್ತಿಗೆ ನಿಂತ ಮೇಲೂ ಗೋವಿಂದಸ್ವಾಮಿ ಪಾಳಿಯ ಹೊತ್ತಿಗೆ ಕ್ಯಾರಿಯರ್ ಹಿಡಿದು ಹೊರಡುತ್ತಿದ್ದರು, ಎಲ್ಲೋ ಸುತ್ತಿ ಸಂಜೆ ವಾಪಸಾಗುತ್ತಿದ್ದರು. ಹೊಸ್ತಿಲಲ್ಲಿ ನಿಂತು ಅಲ್ಲಾಡಿಸುವುದನ್ನೂ ಬಿಡಲಿಲ್ಲ. ಚಮಚ ಸದ್ದು ಮಾಡುತ್ತಿತ್ತು. ಮಕ್ಕಳು ಒಳಗೇ ಇರುತ್ತಿದ್ದವು.

ಚಿತ್ರದ ಕೊನೆಯ ದೃಶ್ಯ ಅದೇ ಆಯಿತು. ಅಸಲಿ ಕ್ಯಾರಿಯರನ್ನೇ ಪಚ್ಚಿಯಮ್ಮ ಕೊಟ್ಟು ಕಳಿಸಿದರು. ನಿರಂಜನ ಆ ದೃಶ್ಯವನ್ನು ಒಂದೇ ಸಲಕ್ಕೆ ಮಾಡಿದರು. ಲೈಟ್ ಹಿಡಿದವನು ಮುಖ ಆಚೆ ತಿರುಗಿಸಿಕೊಂಡಿದ್ದ.

ಎಡವಟ್ಟಾದದ್ದು ಪ್ರಚಾರ ಶುರುವಾದ ಮೇಲೆ, ಶಿವಮೊಗ್ಗದ ಒಂದು ಕಾಲೇಜಿನಲ್ಲಿ. ಮೈಕು ಕೈಕೊಟ್ಟಿತ್ತು, ಸಭಾಂಗಣದ ತುಂಬ ಹುಡುಗ ಹುಡುಗಿಯರು ಗದ್ದಲ ಹಾಕುತ್ತಿದ್ದರು. ಲೋಹಿತ್ ಕಂಗಾಲಾಗಿ ನಿಂತಿದ್ದ. ಎದುರಿಗಿರುವ ಜನ ಕೈತಪ್ಪುತ್ತಿದ್ದಾರೆ ಅನ್ನಿಸಿದಾಗ ಹಳೇ ನಾಟಕದವರ ಮೈಯಲ್ಲಿ ತಾನಾಗಿ ಏನೋ ಏಳುತ್ತದೆ. ನಿರಂಜನ ಕೈಯಲ್ಲಿದ್ದ ಕ್ಯಾರಿಯರನ್ನು ಎತ್ತಿ ಲಯಕ್ಕೆ ಅಲ್ಲಾಡಿಸಿದರು, ಸೊಂಟವನ್ನೂ ಒಂದಿಷ್ಟು ಬಳುಕಿಸಿದರು. ಸಭೆ ಹೋ ಎಂದಿತು. ಯಾರೋ ಅದನ್ನು ಫೋನಿನಲ್ಲಿ ಹಿಡಿದರು, ಇನ್ಯಾರೋ ಅದಕ್ಕೆ ತಮಟೆ ಸೇರಿಸಿದರು. ವಾರ ಕಳೆಯುವಷ್ಟರಲ್ಲಿ ‘ಡಬ್ಬಿ ಸ್ಟೆಪ್’ ಎಲ್ಲರ ಫೋನಿನಲ್ಲೂ ಇತ್ತು.

ಅಲ್ಲಿಂದ ಮುಂದೆ ಯಾರಿಗೂ ಬೇರೇನೂ ಬೇಕಾಗಲಿಲ್ಲ. ಕೇಬಲ್ ಚಾನೆಲ್ಲಿನ ಹುಡುಗಿ ಸಂದರ್ಶನಕ್ಕೆ ಕೂರಿಸಿಕೊಂಡು “ಸಾರ್, ನೀವು ಕೋಟೆ ಬ್ರಾಹ್ಮಣರಂತೆ, ಆ ಥರ ಮಾತು ಹೇಗೆ ಬಂತು?” ಎನ್ನುತ್ತಿದ್ದಳು; ಉತ್ತರ ಮುಗಿಯುವ ಮೊದಲೇ “ಒಂದು ಸ್ಟೆಪ್ಪು, ಸಾರ್” ಎನ್ನುತ್ತಿದ್ದಳು. ಮಾಲಿನಲ್ಲಿ, ಮೊಬೈಲ್ ಅಂಗಡಿಯ ಉದ್ಘಾಟನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಚಿತ್ರದ ಅಪ್ಪನ ಅದೇ ಖಾಕಿ ಅಂಗಿ, ಅದೇ ಕ್ಯಾರಿಯರ್. ನಿರಂಜನ ತಡವಾಗಿ ಬಂದ ದಿನಗಳಲ್ಲಿ ಅಂಗಡಿಯ ಮಾಲೀಕ ಪ್ರಕಾಶ್ ತಲೆ ಎತ್ತದೆ ಹೇಳುತ್ತಿದ್ದರು: “ಬಂದ್ರಾ ಹೀರೋ? ಆ ಯಜಮಾನ್ರ ಫ್ರೇಮು ಸಡಿಲ ಆಗಿದೆಯಂತೆ, ಬಿಗಿ ಮಾಡಿ. ಆಮೇಲೆ ಕುಣೀರಿ.” ಮನೆಯಲ್ಲಿ ಹೆಂಡತಿ ಮಂಜುಶ್ರೀ ಎಣ್ಣೆ ಬಿಸಿ ಮಾಡಿ ಭುಜಕ್ಕೆ ತಿಕ್ಕುತ್ತಿದ್ದರು. “ಅಟ್ಟದ ಮೇಲಿಂದ ಒಂದು ಪಾತ್ರೆ ಇಳ್ಸಿ ಅಂದ್ರೆ ಕೈ ಬರಲ್ಲ ನಿಮ್ಗೆ. ಅಲ್ಲಿ ಮಾತ್ರ ಬರತ್ತೆ.”

ನಿರಂಜನ ಲೋಹಿತ್‌ಗೆ ಒಂದು ಸಲ ಹೇಳಿ ನೋಡಿದರು.

“ಆ ಸೀನಿಗೆ ಜನ ಅಳ್ಬೇಕು ಕಣೋ.”

“ಒಳಗೆ ಕೂತ್ಮೇಲೆ ಅಳ್ಲಿ, ನಿರಂಜನಣ್ಣ. ಮೊದ್ಲು ಒಳಗೆ ಬರ್ಬೇಕಲ್ಲ ಮಾರಾಯ್ರೆ. ನೀವು ಮಾತೇ ಆಡ್ಬೇಡಿ ಬೇಕಾದ್ರೆ, ಡಬ್ಬಿ ಒಂದು ಅಲ್ಲಾಡ್ಸಿ ಸಾಕು.”

ಹುಡುಗನ ಕಣ್ಣ ಕೆಳಗೆ ಕಪ್ಪಾಗಿತ್ತು. ಅವನ ಮೇಲೆ ಸಿಟ್ಟು ಮಾಡಲು ನಿರಂಜನ ಅವರಿಗೆ ಮನಸ್ಸು ಬರಲಿಲ್ಲ. ಸ್ಟೆಪ್ಪು ಹುಟ್ಟಿದ್ದು ತನ್ನ ಸೊಂಟದಲ್ಲೇ ಅಲ್ಲವೇ.

ಅವರನ್ನು ಕೊರೆಯುತ್ತಿದ್ದದ್ದು ಬೇರೆ. ಸಿನಿಮಾ ಮುಗಿದ ಮೇಲೂ ಪಚ್ಚಿಯಮ್ಮ ಭಾನುವಾರಗಳಂದು ಮೊಮ್ಮಗಳ ಫೋನಿನಿಂದ ಮಾತಾಡುತ್ತಿದ್ದರು. ಊಟ ಆಯ್ತಾ ತಂಬಿ, ಅಷ್ಟೆ. ಸ್ಟೆಪ್ಪು ಹರಡಿದ ಮೇಲೆ ಫೋನು ಬರಲಿಲ್ಲ. ಕಾಲೇಜಿನಲ್ಲಿ ಓದುವ ಆ ಮೊಮ್ಮಗಳು ಮೋನಿಕಾ ಒಂದು ಸಂಜೆ ವಾಟ್ಸ್ಯಾಪಿನಲ್ಲಿ ಒಂದೇ ಸಾಲು ಕಳಿಸಿದಳು: ‘ಅಜ್ಜಿ ನೋಡಿದ್ರು.’ ಹಿಂದೆ ಮುಂದೆ ಏನೂ ಇರಲಿಲ್ಲ. ನಿರಂಜನ ಉತ್ತರ ಬರೆಯಲು ಕೂತು, ಅಳಿಸಿ, ಫೋನು ಕೆಳಗಿಟ್ಟರು. ಮೂವತ್ತು ವರ್ಷದ ನಾಟಕದಲ್ಲಿ ಯಾವ ಮನೆಯ ಬಾಗಿಲನ್ನೂ ಅವರು ಹೀಗೆ ಕಳೆದುಕೊಂಡಿರಲಿಲ್ಲ.

ಚಿತ್ರ ಬಿಡುಗಡೆಯಾಯಿತು; ಭದ್ರಾವತಿಯ ಟಾಕೀಸಿನಲ್ಲಿ ಭಾನುವಾರದ ಮಧ್ಯಾಹ್ನದ ಆಟಕ್ಕೆ ತಂಡ ಹೋಗುವುದೆಂದು ನಿಗದಿಯಾಯಿತು. ಅಲ್ಲಿ ಜನ ಬಾರದಿದ್ದರೆ ಶುಕ್ರವಾರ ಟಾಕೀಸಿನಿಂದ ಚಿತ್ರ ಎತ್ತಿಬಿಡುತ್ತಾರೆ ಎಂದು ಲೋಹಿತ್ ಹೇಳಿದ. ನಿರಂಜನ ತಂಡದ ವ್ಯಾನಿನಲ್ಲಿ ಹೋಗಲಿಲ್ಲ. ಬೆಳಿಗ್ಗೆಯೇ ಖಾಸಗಿ ಬಸ್ಸು ಹತ್ತಿ, ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅದನ್ನು ಪಚ್ಚಿಯಮ್ಮನಿಗೆ ಕೊಟ್ಟುಬಿಡಬೇಕು, ಕ್ಷಮೆ ಕೇಳಬೇಕು, ಕರೆದರೆ ಆಟಕ್ಕೆ ಬರುತ್ತಾರೋ ನೋಡಬೇಕು.

ಪಚ್ಚಿಯಮ್ಮ ಬಾಗಿಲಲ್ಲೇ ಇದ್ದರು.

“ಬನ್ನಿ ಸಾರ್,” ಎಂದರು. “ಮೋನಿ, ಸಾರ್‌ಗೆ ಚೇರ್ ಹಾಕು.”

ಮೆಟ್ಟಿಲ ಮೇಲೆ ಕೂರಲು ಹೊರಟಿದ್ದ ನಿರಂಜನ ಅರ್ಧ ಬಗ್ಗಿದವರು ನೆಟ್ಟಗಾದರು. ಒಳಗೆ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು.

“ರೀಲ್ ನೋಡಿದ್ರಂತೆ.”

“ನೋಡ್ದೆ ಸಾರ್. ಎಲ್ಲಾರೂ ನೋಡವ್ರೆ. ಎದುರ್ಮನೆ ಪಾಪು ತಟ್ಟೆ ಮುಂದೆ ಕೂತ್ರೆ ಹಂಗೇ ಕುಣೀತದೆ.”

“ತಪ್ಪಾಯ್ತಮ್ಮ.”

ಪಚ್ಚಿಯಮ್ಮ ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು. “ಅವ್ರು ಇದ್ದಿದ್ರೆ ನಗ್ತಿದ್ರೋ ಏನೋ. ಕೇಳೋಣ ಅಂದ್ರೆ ಅವ್ರಿಲ್ಲ. ನಂಗೆ ಮಾತ್ರ ನಗು ಬರ್ಲಿಲ್ಲ ಸಾರ್.”

ನಿರಂಜನ ಕ್ಯಾರಿಯರನ್ನು ಮುಂದಿಟ್ಟರು. “ಇದನ್ನ ವಾಪಸ್ ಕೊಟ್ಟು ಹೋಗೋಣ ಅಂತ ಬಂದೆ.”

ಪಚ್ಚಿಯಮ್ಮ ಅದನ್ನು ಎತ್ತಿದರು. ಚಮಚ ಲೊಟಕ್ಕೆಂದಿತು.

“ಖಾಲಿ ತಂದಿದೀರ,” ಎಂದರು.

ನಿರಂಜನ ಅವರ ಕಿವಿ ಬಿಸಿಯಾಯಿತು. ಪಕ್ಕದ ಮನೆಯ ಬಟ್ಟಲು ವಾಪಸು ಹೋಗುವಾಗ ಒಂದು ಚೂರು ಬೆಲ್ಲವಾದರೂ ಹಾಕದೆ ಮಂಜುಶ್ರೀ ಕಳಿಸಿದವರಲ್ಲ. ನಿರಂಜನ ಅವರ ತಾಯಿಯೂ ಕಳಿಸಿದವರಲ್ಲ. ಭದ್ರಾವತಿಯಾದರೇನು, ಕೋಟೆಯಾದರೇನು, ಖಾಲಿ ಪಾತ್ರೆ ಹಿಂದಿರುಗಿಸುವ ಮನೆ ಅವರು ಕಂಡಿರಲಿಲ್ಲ. ಆ ಪದ್ಧತಿ ತಿಳಿಯದೆ ಆದದ್ದಲ್ಲ ಇದು. ವೇದಿಕೆಯ ಮೇಲೆ ಬಳಸುವ ಸಾಮಾನಿಗೆ ನಾಟಕದವರು ‘ಪ್ರಾಪರ್ಟಿ’ ಎನ್ನುತ್ತಾರೆ. ಇಷ್ಟು ದಿನದ ಕುಣಿತದಲ್ಲಿ ಆ ಕ್ಯಾರಿಯರ್ ಅವರ ಮನಸ್ಸಿನಲ್ಲಿ ಪ್ರಾಪರ್ಟಿಯಾಗಿಬಿಟ್ಟಿತ್ತು. ಅದರೊಳಗೆ ಊಟ ಇಡಬಹುದೆಂಬುದೇ ಮರೆತುಹೋಗಿತ್ತು.

ಪಚ್ಚಿಯಮ್ಮ ಅದನ್ನು ಹಿಡಿದು ಅಡುಗೆಮನೆಗೆ ಹೋದರು. ಪಾತ್ರೆ ತೊಳೆಯುವ ಸದ್ದು ಬಂತು. ಮೋನಿಕಾ ಫೋನು ನೋಡುವಂತೆ ನಟಿಸುತ್ತಿದ್ದಳು. ಮುಗಿಯಿತು, ಇನ್ನು ಎದ್ದು ಹೋಗುವುದೇ ಎಂದು ನಿರಂಜನ ಅಂದುಕೊಳ್ಳುವಾಗ ಪಚ್ಚಿಯಮ್ಮ ಹೊರಗೆ ಬಂದು ಕ್ಯಾರಿಯರನ್ನು ಅವರ ಕೈಗೇ ಕೊಟ್ಟರು. ಅದು ಭಾರವಾಗಿತ್ತು, ಬಿಸಿಯಾಗಿತ್ತು.

“ವಡೆ. ಬೆಳಿಗ್ಗೆ ಕರ್ದಿದ್ದೆ, ಬಿಸಿ ಮಾಡಿದೀನಿ. ಮಧ್ಯಾಹ್ನ ನಿಮ್ಗೆ ಬೇಕಲ್ಲ ಇದು, ಕುಣಿಯೋಕೆ. ತಗೊಂಡು ಹೋಗಿ. ಖಾಲಿ ಕಳ್ಸಲ್ಲ ನಾನು.”

“ನೀವು ಬರಲ್ವಾ ಆಟಕ್ಕೆ?”

“ಮಂಡಿ ನೋವು ಸಾರ್. ಮೋನಿ ಬರ್ತಾಳೆ.”

ಟಾಕೀಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಕುರ್ಚಿ ತುಂಬಿದ್ದವು. ಮುಂದೆ ಹುಡುಗರು; ಹಿಂದಿನ ಸಾಲುಗಳಲ್ಲಿ ಕಾರ್ಖಾನೆ ಬೀದಿಗಳ ಹಳಬರು, ಸಂಸಾರ ಸಮೇತ. ಆಟಕ್ಕೆ ಮುಂಚೆ ತಂಡವನ್ನು ಪರದೆಯ ಮುಂದೆ ನಿಲ್ಲಿಸಿದರು. ನಿರೂಪಣೆಯ ಹುಡುಗಿ ಮೈಕಿನಲ್ಲಿ, “ಈಗ ಎಲ್ರೂ ಕಾಯ್ತಾ ಇರೋ ಆ ಸ್ಟೆಪ್ಪು” ಎಂದಳು. ಸ್ಪೀಕರಿನಲ್ಲಿ ತಮಟೆ ಶುರುವಾಯಿತು. ಲೋಹಿತ್ ಕೈ ಮುಗಿಯುವವನಂತೆ ಅವರ ಕಡೆ ನೋಡಿದ.

ನಿರಂಜನ ಕ್ಯಾರಿಯರ್ ಎತ್ತಿದರು. ಭುಜ ಚುಳ್ ಎಂದಿತು. ಅಲ್ಲಾಡಿಸಿದರು.

ಸದ್ದು ಬರಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದರು. ಪಚ್ಚಿಯಮ್ಮ ಚಮಚ ಮಿಸುಕದಂತೆ ಒತ್ತಿ ತುಂಬಿದ್ದರು. ತಮಟೆ ತನ್ನ ಪಾಡಿಗೆ ಬಡಿಯುತ್ತಿತ್ತು. ಕೈಯಲ್ಲಿ ಲಯವಿಲ್ಲದೆ ಸೊಂಟ ಏಳಲಿಲ್ಲ. ಕೈ ಹಾಗೇ ಮೇಲಿತ್ತು, ಹೊಸ್ತಿಲಲ್ಲಿ ನಿಂತವನ ಕೈಯಂತೆ. ಮುಂದಿನ ಸಾಲಿನ ಹುಡುಗರು “ಏನಣ್ಣ, ಬ್ಯಾಟ್ರಿ ಹೋಯ್ತಾ?” ಎಂದು ಕೂಗಿದರು.

ಆಗ ಹಿಂದಿನಿಂದ ಒಂದು ಗಂಡು ದನಿ ಬಂತು. ವಯಸ್ಸಾದ, ಕಫ ಕಟ್ಟಿದ ದನಿ.

“ಎನ್ನಪ್ಪಾ ಇರುಕ್ಕು?”

ಹಿಂದಿನ ಸಾಲುಗಳು ನಕ್ಕವು. ರೀಲಿಗೆ ನಗುವ ನಗುವಲ್ಲ ಅದು. ಇನ್ನೊಂದು ಮೂಲೆಯಿಂದ ನಡುವಯಸ್ಸಿನ ಹೆಂಗಸೊಬ್ಬರು, ಪಕ್ಕದಲ್ಲಿ ಗಂಡ ಮಕ್ಕಳು ಕೂತಿರುವಾಗಲೇ, ಸಣ್ಣ ಹುಡುಗಿಯ ರಾಗದಲ್ಲಿ ಅದನ್ನೇ ಕೇಳಿದರು. ಆಮೇಲೆ ಅಲ್ಲೊಬ್ಬರು, ಇಲ್ಲೊಬ್ಬರು.

ನಿರಂಜನ ಕ್ಯಾರಿಯರ್ ಇಳಿಸಿ ಕೊಂಡಿ ಬಿಚ್ಚಿದರು. “ವಡೆ,” ಎಂದರು. ಮೈಕು ದೂರವಿತ್ತು; ಆದರೂ ಕೇಳಿಸಿತು. ಯಾರೋ ತಮಟೆ ನಿಲ್ಲಿಸಿದರು.

“ಸಾರ್, ಸ್ಟೆಪ್ಪು?” ನಿರೂಪಣೆಯ ಹುಡುಗಿ ಪಿಸುಗುಟ್ಟಿದಳು.

“ಇವತ್ತು ಆಗಲ್ಲಮ್ಮ. ತುಂಬಿದೆ.”

ಎರಡು ಡಬ್ಬಿಯೂ ಕೈಯಿಂದ ಕೈಗೆ ಹಿಂದಕ್ಕೆ ಹೋದವು. ಎಲ್ಲರಿಗೂ ಸಾಲಲಿಲ್ಲ, ಮುರಿದು ಹಂಚಿಕೊಂಡರು. ಬರಿದಾದ ಡಬ್ಬಿಗಳು ಮೋನಿಕಾಳ ಕೈಸೇರಿ ಮುಂದಕ್ಕೆ ಬಂದವು. ದೀಪ ಆರಿ ಆಟ ಶುರುವಾಯಿತು. ನಿರಂಜನ ಒಳಗೆ ಕೂರಲಿಲ್ಲ. ಹೊರಗೆ ಪೋಸ್ಟರಿನ ಕೆಳಗಿನ ಕಟ್ಟೆಯ ಮೇಲೆ ಭುಜ ನೀವಿಕೊಳ್ಳುತ್ತ ಕೂತರು. ಎಷ್ಟು ಜನ ಅತ್ತರು, ಶುಕ್ರವಾರ ಚಿತ್ರ ಉಳಿಯುತ್ತದೋ ಇಲ್ಲವೋ, ಯೋಚಿಸಲೂ ಶಕ್ತಿ ಇರಲಿಲ್ಲ.

ಆಟ ಬಿಟ್ಟಾಗ ಲೋಹಿತ್ ಬಂದು ಪಕ್ಕದಲ್ಲಿ ಕೂತ. ಬೈಯಲಿಲ್ಲ. “ಮಂಗಳವಾರ ಮಾಲ್‌ನಲ್ಲಿ ಇದೆಯಲ್ಲ, ಅಣ್ಣ. ಅಲ್ಲಿ ಮಾತ್ರ…”

“ಸ್ಟೀಲ್ ಅಂಗಡೀಲಿ ಬೇರೆ ಡಬ್ಬಿ ತಗೋ. ಅದ್ರಲ್ಲಿ ಕುಣೀತೀನಿ. ಇದು ಬರಲ್ಲ ಇನ್ನು.”

ಲೋಹಿತ್ ತಲೆಯಾಡಿಸಿದ. ಮೋನಿಕಾ ಫೋನು ಹಿಡಿದುಕೊಂಡು ಜನರ ನಡುವೆ ಬಂದಳು. “ಅಜ್ಜಿ,” ಎಂದು ಅವರ ಕೈಗಿತ್ತಳು. ಆಚೆ ಕಡೆ ನಲ್ಲಿಯಲ್ಲಿ ನೀರು ಬೀಳುವ ಸದ್ದು.

“ವಡೆ ಗಟ್ಟಿಯಾಗಿತ್ತಾ ತಂಬಿ?”

“ಗೊತ್ತಿಲ್ಲಮ್ಮ. ನಂಗೆ ಒಂದೂ ಸಿಗ್ಲಿಲ್ಲ.”

“ಸಿಗಲ್ಲ. ತಂದೋರಿಗೆ ಯಾವತ್ತು ಸಿಕ್ಕಿದೆ,” ಎಂದರು ಪಚ್ಚಿಯಮ್ಮ, ಮತ್ತು ಫೋನು ಇಟ್ಟರು.

ಶಿವಮೊಗ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ರಸ್ತೆಯ ಪ್ರತಿ ಹಳ್ಳಕ್ಕೂ ತೊಡೆಯ ಮೇಲಿನ ಕ್ಯಾರಿಯರ್ ಲೊಟಗುಟ್ಟುತ್ತಿತ್ತು. ನಿರಂಜನ ಕರವಸ್ತ್ರವನ್ನು ಮಡಿಸಿ ಚಮಚದ ಪಕ್ಕ ತುರುಕಿ, ಮುಚ್ಚಳ ಹಾಕಿ, ಮಂಜುಶ್ರೀಗೆ ಫೋನು ಮಾಡಿದರು.

“ಬರೋ ಭಾನುವಾರ ಏನಾದ್ರೂ ಮಾಡಿ ಕೊಡ್ತೀಯಾ? ಎರಡು ಡಬ್ಬಿ ತುಂಬ್ಬೇಕು.”

“ಇದೂ ನಿಮ್ಮ ಪ್ರಚಾರಕ್ಕಾ?”

“ಅಲ್ಲ. ವಾಪಸ್ ಕೊಡಕ್ಕೆ.”

“ಖಾಲಿ ತಗೊಂಡು ಹೋಗಿದ್ರಾ ಬೆಳಿಗ್ಗೆ?” ಎಂದು ಕೇಳಿದರು ಮಂಜುಶ್ರೀ.

ನಿರಂಜನ ಹೌದೆಂದರು.