ಚಕ್ಕೆ ಮುರಿಯಿತೋ, ಕೈ ಬಿಟ್ಟೆನೋ

ಪ್ರತಿ ಜನವರಿಯ ಮೊದಲ ಭಾನುವಾರ ನಾವಿಬ್ಬರೂ ಮಳವಳ್ಳಿ ಕಡೆಯ ಒಂದು ಬಂಡೆಯ ಬುಡದಲ್ಲಿ ಕೂತು, ಆ ವರ್ಷ ಏನು ಹತ್ತಬೇಕು ಎಂದು ಹೇಳಿಕೊಳ್ಳುತ್ತೇವೆ. ಇಬ್ಬರು ಎಂದರೆ ನಾನು ಮತ್ತು ಹೈಸ್ಕೂಲಿನಿಂದ ಜೊತೆಗಿರುವ ಗೆಳೆಯ. ಅವನ ಊರು ಕೊತ್ತತ್ತಿ, ನಾಲೆ ಬಯಲಿನಲ್ಲಿ ಗದ್ದೆ, ಮಳವಳ್ಳಿಯಲ್ಲಿ ಬ್ಯಾಂಕಿನ ಕೆಲಸ. ನಾನು ಮಂಡ್ಯದ ಕಾಲೇಜೊಂದರಲ್ಲಿ ಭೂವಿಜ್ಞಾನ ಪಾಠ ಮಾಡುತ್ತೇನೆ. ಒಬ್ಬೊಬ್ಬರಿಗೆ ಒಂದೇ ಗುರಿ. ಹಗ್ಗ ಹಿಡಿಯುವವನು ಒಪ್ಪದಿದ್ದರೆ ಆ ಗುರಿ ರದ್ದು. ಬಿದ್ದವನನ್ನು ತಡೆಯಬೇಕಾದವನು ಅವನೇ ಆದ್ದರಿಂದ ಈ ಕಟ್ಟುಪಾಡು ಮಾಡಿಕೊಂಡಿದ್ದೆವು.

ಈ ವರ್ಷ ಅವನು ತನ್ನದನ್ನು ಬೇಗ ಹೇಳಿ ಮುಗಿಸಿದ. ಎಡಗಡೆಯ ಸೀಳನ್ನು, ನಡುವೆ ಎಲ್ಲೂ ಹಗ್ಗಕ್ಕೆ ಜೋತು ಬೀಳದೆ ಒಂದೇ ಸಲಕ್ಕೆ ಹತ್ತುವುದು. ಒಪ್ಪಿದೆ. ಆಮೇಲೆ ನನ್ನದು ಹೇಳಿದೆ: ಬಂಡೆಯ ನಡುವಿನ ದಾರಿಯನ್ನು ಲೀಡ್ ಮಾಡುವುದು. ಅಂದರೆ ಮೇಲಿನಿಂದ ಹಗ್ಗ ಇಳಿಬಿಟ್ಟುಕೊಂಡು ಹತ್ತುವುದಲ್ಲ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಕೆಳಗಿನಿಂದ ಎಳೆದುಕೊಂಡು ಹೋಗಿ, ಬಂಡೆಗೆ ಹೊಡೆದಿರುವ ಬೋಲ್ಟುಗಳಿಗೆ ಒಂದೊಂದಾಗಿ ಸಿಕ್ಕಿಸುತ್ತ ಏರಬೇಕು. ಬೋಲ್ಟಿಗಿಂತ ಎಷ್ಟು ಮೇಲೆ ಹೋಗಿರುತ್ತೇವೋ, ಬಿದ್ದರೆ ಅಷ್ಟೇ ಅದರ ಕೆಳಕ್ಕೂ ಹೋಗುತ್ತೇವೆ.

"ಬೇಕಾದ್ರೆ ಬಂಡೆ ಅತ್ತು. ಆದ್ರೆ ಆ ಹಗ್ಗ ನಾನು ಇಡಿಯಲ್ಲ" ಅಂದ.

"ಯಾಕ್ಲಾ?"

"ಚಕ್ಕೆ ಮುರೀತು ಅನ್ನೋದ ನೀನು ಬುಡೋಗಂಟ ಇಡಿಯಲ್ಲ."

ನವೆಂಬರಿನಲ್ಲಿ ಅದೇ ದಾರಿಯಲ್ಲಿ, ಮೂರನೆಯ ಬೋಲ್ಟು ದಾಟಿದ ಮೇಲೆ ನಾನು ಬಿದ್ದಿದ್ದೆ. ಬಲಗೈ ಹಿಡಿದಿದ್ದ ಕಲ್ಲಿನ ಚಕ್ಕೆ ಟಕ್ಕೆಂದು ಮುರಿದದ್ದು ನೆನಪಿದೆ. ಬಾಯಿಗೆ ಬಿದ್ದ ಕಲ್ಲಿನ ಪುಡಿ ನೆನಪಿದೆ. ಹಗ್ಗ ಬಿಗಿದಾಗ ಹಿಮ್ಮಡಿ ಬಂಡೆಗೆ ಬಡಿದು, ಡಿಸೆಂಬರ್ ಬಂದರೂ ಕುಂಟುತ್ತಿದ್ದೆ. ಚಕ್ಕೆ ಮುರಿಯಿತು ಎಂದು ಮನೆಯಲ್ಲಿ ಹೇಳಿದೆ, ಸ್ಟಾಫ್ ರೂಮಿನಲ್ಲಿ ಹೇಳಿದೆ. ಹೇಳಿದ ಹಾಗೆಲ್ಲ ಆ ಸದ್ದು ಜೋರಾಗುತ್ತ ಹೋಯಿತು. ನನಗೆ ಅನುಮಾನ ಶುರುವಾದದ್ದು ಅಲ್ಲಿಂದ. ಒಮ್ಮೆ ಕೇಳಿದ ಸದ್ದು ಬರಬರುತ್ತ ಮಂಕಾಗಬೇಕೇ ಹೊರತು ಜೋರಾಗಬಾರದು.

"ನಾನು ನೆಟ್ಟಗೆ ನಿನ್ನ ಕೆಳ್ಗೇ ನಿಂತಿದ್ದೆ" ಅಂದ ಗೆಳೆಯ. "ಕಲ್ಲು ಮುರ್ದಿದ್ರೆ ನನ್ ಮ್ಯಾಲೆ ಬೀಳ್ಬೇಕಾಗಿತ್ತು. ಬಿದ್ದಿದ್ದು ನೀನೊಬ್ನೇ. ಕೈ ಬುಟ್ಬುಟ್ಟೆ ಕಣ್ಲಾ."

"ನೀನು ಆಗ ಹಗ್ಗ ನೋಡ್ತಿದ್ದೆ."

"ಊಂ ಕಣಪ್ಪ. ನಿನ್ನ ಮಕ ನೋಡ್ಕಂಡು ನಿಂತಿದ್ದಿದ್ರೆ ನಿನ್ನ ತಿಥಿ ವಡೆ ತಿಂತಿದ್ದೆ."

ನಗು ಬರಲಿಲ್ಲ. ಚಕ್ಕೆ ಮುರಿದಿದ್ದರೆ ತಪ್ಪು ಕಲ್ಲಿನದು, ಇನ್ನೊಂದು ಕಲ್ಲು ಹಿಡಿದರಾಯಿತು. ಕೈ ಬಿಟ್ಟಿದ್ದರೆ? ನಾನು ಕೈಗೆ ಬಿಡು ಅಂದಿರಲಿಲ್ಲ. ಬಿಟ್ಟದ್ದು ನನಗೆ ಗೊತ್ತೂ ಆಗಿರಲಿಲ್ಲ. ಅವನು ಹತ್ತುವಾಗ ಅವನ ಹಗ್ಗವನ್ನು ಹಿಡಿಯುವುದೂ ಇದೇ ಬಲಗೈ.

"ಬಂಡೆ ಹತ್ರಾನೇ ಕೇಳಣ ನಡಿ" ಅಂದೆ. ಬಿಸಿಲು ಮಳೆ ತಿಂದ ಬಂಡೆಯ ಮೈ ಕಪ್ಪಗಿರುತ್ತದೆ. ಮುರಿದ ಜಾಗ ಮಾತ್ರ ವರ್ಷಗಟ್ಟಲೆ ಬೆಳ್ಳಗೆ ಉಳಿಯುತ್ತದೆ. ಆ ಚಕ್ಕೆ ಇರುವುದು ಬಂಡೆಯ ಉಬ್ಬಿನ ಮೇಲೆ, ಕೆಳಗಿನಿಂದ ಕಾಣುವುದಿಲ್ಲ. ಹಿಂದಿನ ಇಳಿಜಾರಿನಿಂದ ಹತ್ತಿಹೋಗಿ ಮೇಲಿನಿಂದ ಹಗ್ಗ ಇಳಿಬಿಟ್ಟು, ಮತ್ತೆ ಬುಡಕ್ಕೆ ಬಂದೆವು.

ಹೊರಡುವ ಮುಂಚೆ ಅವನು ನನ್ನ ಗಂಟು ನೋಡಿದ, ನಾನು ಅವನ ಸೊಂಟದಲ್ಲಿ ಹಗ್ಗ ಹಾಯುವ ಕೊಕ್ಕೆಯ ಬೀಗ ನೋಡಿದೆ. ಮತ್ತೆ ನನ್ನ ಗಂಟು ನೋಡಿಕೊಂಡೆ. ಕಣ್ಣು ತೆಗೆದ ಕೂಡಲೇ, ನಿಜವಾಗಿ ನೋಡಿದೆನೇ ಅನ್ನಿಸಿತು. ಇನ್ನೊಮ್ಮೆ ಬಗ್ಗಿದೆ.

"ಗಂಟೇನು ಮದ್ವೆ ಎಣ್ಣಾ, ಅಷ್ಟೊಂದು ನೋಡಕ್ಕೆ? ಅತ್ತು."

ಹತ್ತಿದೆ. ಮೊದಲ ಬೋಲ್ಟಿನವರೆಗೆ ಸುಲಭ. ಎರಡನೆಯದರ ಹತ್ತಿರ ಎಡಗಾಲು ತಾನಾಗಿ ಕುಣಿಯತೊಡಗಿತು. ದೂರದ ಮದ್ದೂರು ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾಡು ಹಾಕಿಕೊಂಡು ಹೋಗುತ್ತಿತ್ತು. ಆ ಹಾಡು ನಿಲ್ಲದಿರಲಿ ಎಂದುಕೊಂಡೆ. ಮೂರನೆಯ ಬೋಲ್ಟು ದಾಟಿ ಉಬ್ಬಿನ ಮೇಲೆ ತಲೆ ಎತ್ತಿದರೆ ಎದುರಿಗೇ ಬೆಳ್ಳನೆಯ ಗುರುತು.

ಮೈ ಹಗುರಾಯಿತು. ಕೂಗಿ ಹೇಳಲು ಬಾಯಿ ತೆರೆದವನು, ಪಾಠ ಹೇಳುವವನ ಅಭ್ಯಾಸಬಲದಿಂದ, ಬೆರಳಲ್ಲಿ ಉಜ್ಜಿ ನೋಡಿದೆ. ಬಿಳುಪು ಬೆರಳಿಗಂಟಿ ಬಂತು. ಬೆವರಿಗೆಂದು ಕೈಗೆ ಹಚ್ಚಿಕೊಳ್ಳುವ ಚಾಕ್ ಪುಡಿ. ಅದರ ಕೆಳಗೆ ಚಕ್ಕೆ ಇಡಿಯಾಗಿತ್ತು, ಕಪ್ಪಗಿತ್ತು. ಅಂಚಿನ ಮೇಲೆಲ್ಲ ಹಳೆಯ ಕಲ್ಲುಹೂವು. ಸುತ್ತ ಕೈಗೆಟುಕುವಷ್ಟು ದೂರ ಹುಡುಕಿದೆ. ಎಲ್ಲೂ ಏನೂ ಮುರಿದಿರಲಿಲ್ಲ. ಬಾಯಿಗೆ ಬಿದ್ದ ಆ ಪುಡಿ ಹಾಗಾದರೆ ಎಲ್ಲಿಯದು?

"ಐತಾ?" ಕೆಳಗಿನಿಂದ ಕೇಳಿದ.

"ಇಲ್ಲ."

ಅವನು ಹಂಗಿಸುತ್ತಾನೆ ಎಂದು ಕಾದೆ. ಹಂಗಿಸಲಿಲ್ಲ. ಅವನು ಹಗ್ಗ ಬಿಗಿ ಮಾಡಿದ್ದು ಕಂಡು ನನಗೆ ಇನ್ನಷ್ಟು ಹೆದರಿಕೆಯಾಯಿತು.

"ಗುರಿ ಬದಲಾಯಿಸ್ತೀನಿ" ಅಂದೆ. "ಈ ವರ್ಷ ಬೀಳೋದು. ಲೀಡ್ ಬೇಡ."

"ಬೇಕಂತ ಬೀಳದಾ?"

"ಬೇಕಂತಲೇ. ಮೊದ್ಲು ಮೇಲಿನ ಹಗ್ಗದಲ್ಲಿ. ಕೈ ಯಾವಾಗ ಬಿಡುತ್ತೆ ಅಂತ ನಂಗೆ ಗೊತ್ತಾಗ್ಬೇಕು."

"ಅಂಗಾರೆ ಈಗ್ಲೇ ಒಂದ್ಸಲ ಬೀಳು, ನೋಡಮ" ಅಂದು ಹಗ್ಗ ಸಡಿಲಿಸಿದ. ಅದುವರೆಗೆ ಬಿಗಿಯಾಗಿದ್ದ ಹಗ್ಗ ನನ್ನ ಮುಖದ ಮುಂದೆ ಡೊಂಕಾಗಿ ಇಳಿಯಿತು.

ಬಿಡು ಎಂದು ಕೈಗೆ ಹೇಳಿದೆ. ಕೈ ಬಿಡಲಿಲ್ಲ. ಮುಂಗೈ ಉರಿಯತೊಡಗಿತು, ಬೆರಳ ತುದಿಗಳು ಬಿಳಿಚಿಕೊಂಡವು.

"ಬುಡ್ಲಾ."

"ಬಿಡ್ತೀನಿ ಇರು."

ಆ ಗಳಿಗೆ ಈ ಸಲ ತಪ್ಪಿಹೋಗಬಾರದೆಂದು ಬೆರಳುಗಳನ್ನೇ ದಿಟ್ಟಿಸುತ್ತಿದ್ದೆ. ಆದರೂ ಮುಂದೆ ನೆನಪಿರುವುದು ಹಗ್ಗ ಸೊಂಟ ಕಚ್ಚಿದ್ದು, ಬಂಡೆ ಮುಖದ ಮುಂದೆ ಅತ್ತಿತ್ತ ತೂಗಿದ್ದು. ನಡುವಿನದು ಇಲ್ಲ.

ಅವನು ಮೆಲ್ಲಗೆ ಇಳಿಸಿದ. ನೆಲ ಸಿಕ್ಕಿದ ಮೇಲೂ ನಾನು ಹಗ್ಗ ಬಿಟ್ಟಿರಲಿಲ್ಲ.

"ಈ ಸಲ ನೀನೇ ಬುಟ್ಟಾ?"

"ಗೊತ್ತಿಲ್ಲ ಕಣೋ."

ಸುಳ್ಳು ಹೇಳಬಹುದಿತ್ತು, ನಂಬುತ್ತಿದ್ದ. ಅವನು ನನ್ನ ಗಂಟು ಬಿಚ್ಚಿಕೊಟ್ಟ. ನನ್ನ ಬೆರಳಿಗೆ ಅದು ಬರುತ್ತಿರಲಿಲ್ಲ.

"ಸರಿ, ಒಪ್ದೆ. ಬರೋ ಭಾನ್ವಾರದಿಂದ ಬೀಳೋದೇ ಕೆಲ್ಸ."

"ನಿನ್ನ ಸೀಳಿಗೆ ಹಗ್ಗ ನಾನೇ ಹಿಡೀಬೇಕಲ್ಲ" ಅಂದೆ.

ಅವನು ಹಗ್ಗ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

"ಅದ ಆಮೇಕೆ ನೋಡಮ" ಅಂದ.